ಕೋವಿಗಿಂತ ಮೊದಲು ನೆಲ: ಅಮೆರಿಕದಲ್ಲಿ ಶಿಕಾರಿಗೆ ಹೊರಟ ಕನ್ನಡಿಗರಿಗೆ

ಮಲೆನಾಡಿನಿಂದಲೋ ಕೊಡಗಿನಿಂದಲೋ ಅಮೆರಿಕಕ್ಕೆ ಬಂದವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟುತ್ತದೆ. ಅಜ್ಜನ ಕಾಲದ ಹಂದಿ ಈಡಿನ ಕಥೆ ಕೇಳಿ ಬೆಳೆದವರು ನಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಊರಲ್ಲಿ ಶಿಕಾರಿ ಅನ್ನುವುದು ಕಥೆಯಾಗಿಯೇ ಉಳಿಯಿತು. ಕದ್ದು ಮಾಡುವವರ ಮಾತು ಬೇರೆ. ಇಲ್ಲಿ ನೋಡಿದರೆ ಆಫೀಸಿನಲ್ಲಿ ಪಕ್ಕದಲ್ಲಿ ಕೂರುವವನು ನವೆಂಬರ್ ಬಂತೆಂದರೆ ರಜೆ ಹಾಕಿ, ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು, ರಾಜಾರೋಷವಾಗಿ ಜಿಂಕೆ ಹೊಡೆದು ಬರುತ್ತಾನೆ. ನಾವೂ ಒಂದು ಕೈ ನೋಡೋಣ ಅಂತ ಹೊರಟವರು ಮೊದಲು ಕೋವಿ ಅಂಗಡಿಗೆ ಹೋಗುತ್ತಾರೆ. ಸಾವಿರ ಡಾಲರ್ ಸುರಿದು ರೈಫಲ್, ದುರ್ಬೀನು, ಬಟ್ಟೆ, ಬೂಟು ಎಲ್ಲ ತಂದಿಟ್ಟುಕೊಂಡ ಮೇಲೆ ಏಳುವ ಪ್ರಶ್ನೆ: ಹೋಗುವುದೆಲ್ಲಿಗೆ?

ಇಲ್ಲಿನ ವ್ಯವಸ್ಥೆಯ ಗುಟ್ಟು ಇಷ್ಟೇ. ಕಾಡುಪ್ರಾಣಿ ಯಾರ ಸ್ವತ್ತೂ ಅಲ್ಲ, ರಾಜ್ಯ ಸರ್ಕಾರ ಜನರ ಪರವಾಗಿ ಅದನ್ನು ನೋಡಿಕೊಳ್ಳುತ್ತದೆ. ಆದರೆ ಪ್ರಾಣಿ ನಿಂತಿರುವ ನೆಲಕ್ಕೆ ಒಡೆಯನಿದ್ದಾನೆ. ಜಿಂಕೆ ಅವನದಲ್ಲ, ಗೇಟು ಮಾತ್ರ ಅವನದು. ಹಾಗಾಗಿ ಲೈಸೆನ್ಸಿಗೆ 25 ಡಾಲರ್ ಕೊಟ್ಟವನು ಗೇಟಿಗೆ 2,500 ಕೊಡುವುದೂ ಉಂಟು, ಒಂದು ಕಾಸೂ ಕೊಡದೆ ಲಕ್ಷಾಂತರ ಎಕರೆ ಸುತ್ತುವುದೂ ಉಂಟು. ಈ ಆಟದ ಖರ್ಚನ್ನು ತೀರ್ಮಾನಿಸುವುದು ಕೋವಿಯಲ್ಲ, ನೀವು ಆರಿಸಿಕೊಂಡ ನೆಲ. ನಾನು ಟೆಕ್ಸಸ್‌ನಲ್ಲಿರುವುದರಿಂದ ಇಲ್ಲಿನ ಲೆಕ್ಕ ಹೆಚ್ಚು ಬರುತ್ತದೆ. ಬೇರೆ ರಾಜ್ಯದವರು ತಮ್ಮ ವನ್ಯಜೀವಿ ಇಲಾಖೆಯ ಈ ವರ್ಷದ ದರಪಟ್ಟಿ ನೋಡಿಕೊಳ್ಳಿ.

ಮೊದಲು ವೀಸಾ ವಿಚಾರ

ಇದನ್ನು ಮುಗಿಸಿಯೇ ಮುಂದೆ ಹೋಗಬೇಕು. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕೊಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಅಂದರೆ ನಮ್ಮವರ ಮಟ್ಟಿಗೆ ಲೈಸೆನ್ಸ್ ಬರೀ ಜಿಂಕೆ ಹೊಡೆಯುವ ಪರವಾನಗಿಯಲ್ಲ, ಕೋವಿ ಮುಟ್ಟುವ ಪರವಾನಗಿಯೂ ಹೌದು. ಗೆಳೆಯನ ಕೋವಿ ಎರವಲು ತಂದರೂ ಇದೇ ನಿಯಮ. ಟೆಕ್ಸಸ್‌ನಲ್ಲಿ ಲೈಸೆನ್ಸ್ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ಕ್ಕೆ ಹೊಸದು ತೆಗೆಯದೆ ಬೀರುವಿನಲ್ಲಿ ರೈಫಲ್ ಇದ್ದರೆ ನೀವು ಕಾನೂನಿನ ಹೊರಗೆ ನಿಂತ ಹಾಗೆ. ಕೆಲವು ರಾಜ್ಯಗಳ ಕಾನೂನು ಇನ್ನೂ ಬಿಗಿ, ಹಾಗಾಗಿ ವಕೀಲರ ಹತ್ತಿರ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಗ್ರೀನ್ ಕಾರ್ಡ್ ಬಂದವರಿಗೆ ಈ ರಗಳೆ ಇಲ್ಲ. ಬಿಲ್ಲು-ಬಾಣ ಹಿಡಿಯುವವರಿಗೂ ಇಲ್ಲ, ಬಿಲ್ಲು ಫೆಡರಲ್ ಲೆಕ್ಕದಲ್ಲಿ ಬಂದೂಕಲ್ಲ.

ಇನ್ನೊಂದು ಸಂಗತಿ ಬೇಟೆ ತರಬೇತಿಯ ಪ್ರಮಾಣಪತ್ರ. ಟೆಕ್ಸಸ್‌ನಲ್ಲಿ 17 ತುಂಬಿದವರು ಆನ್‌ಲೈನ್‌ನಲ್ಲೇ ಮುಗಿಸಬಹುದು, ಒಂದು ರಾಜ್ಯದ್ದು ಉಳಿದ ರಾಜ್ಯಗಳಲ್ಲೂ ನಡೆಯುತ್ತದೆ.

ಪಶ್ಚಿಮದ ಸರ್ಕಾರಿ ನೆಲ: ಪುಕ್ಕಟೆ, ಆದರೆ ಸಸ್ತಾ ಅಲ್ಲ

ಭೂ ನಿರ್ವಹಣಾ ಇಲಾಖೆ, ಅಂದರೆ ಬಿಎಲ್‌ಎಂ, ನೋಡಿಕೊಳ್ಳುವ ನೆಲ ಸುಮಾರು 24.5 ಕೋಟಿ ಎಕರೆ. ರಾಷ್ಟ್ರೀಯ ಅರಣ್ಯಗಳದ್ದು ಸುಮಾರು 19.3 ಕೋಟಿ. ಎರಡೂ ಸೇರಿದರೆ ಇಡೀ ಕರ್ನಾಟಕದ ಒಂಬತ್ತು ಪಟ್ಟು. ಇದರ ಬಹುಪಾಲು ಬೇಟೆಗೆ ತೆರೆದಿದೆ, ಪ್ರವೇಶಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ಆ ರಾಜ್ಯದ ಲೈಸೆನ್ಸ್ ಇದ್ದರಾಯಿತು. (ರಾಷ್ಟ್ರೀಯ ಉದ್ಯಾನಗಳು ಬೇರೆ ಇಲಾಖೆ, ಅಲ್ಲಿ ಸಾಮಾನ್ಯವಾಗಿ ಬೇಟೆ ಇಲ್ಲ. ಎರಡನ್ನೂ ಒಂದೇ ಅಂದುಕೊಂಡು ಹೊರಡಬೇಡಿ.)

ಡೆನ್ವರ್, ಬಾಯ್ಸಿ, ಸಾಲ್ಟ್ ಲೇಕ್ ಕಡೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ, ಕಣ್ಣು ಮುಚ್ಚಿ ಇದನ್ನೇ ಹಿಡಿಯಿರಿ. ಕೊಲರಾಡೊದಲ್ಲಿ ಆರು ತಿಂಗಳು ನೆಲೆಸಿದವನಿಗೆ ಎಲ್ಕ್ ಲೈಸೆನ್ಸ್ 60-70 ಡಾಲರ್ ಆಸುಪಾಸು. ಅದೇ ಪ್ರಾಣಿಗೆ ಡಲ್ಲಾಸಿನಿಂದ ಹೋದವನು 800ಕ್ಕೂ ಮೇಲೆ ಕೊಡಬೇಕು. ಅದರ ಮೇಲೆ ಪೆಟ್ರೋಲು, ನಾಲ್ಕೈದು ದಿನದ ರಜೆ, ಎತ್ತರದ ಚಳಿಗೆ ಬೇಕಾದ ಸಾಮಾನು. ಎಲ್ಕ್ ಅನ್ನುವುದು ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ರಸ್ತೆಯಿಂದ ಐದು ಮೈಲಿ ಒಳಗೆ, ಹತ್ತು ಸಾವಿರ ಅಡಿ ಎತ್ತರದಲ್ಲಿ ಅದನ್ನು ಬೀಳಿಸಿದವನು ಬೆನ್ನ ಮೇಲೆ ಬಾಡು ಹೊತ್ತು ಮೂರು ನಾಲ್ಕು ಸಲ ಓಡಾಡಬೇಕು. ಹೊಡೆಯುವುದು ಒಂದು ಕ್ಷಣದ ಕೆಲಸ, ಹೊರುವುದು ಎರಡು ದಿನದ್ದು. ಹೊರರಾಜ್ಯದವನ ಮೊದಲ ಬೇಟೆಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ನಕ್ಷೆಯಲ್ಲಿ ಸರ್ಕಾರಿ ನೆಲ ಅಂತ ಕಂಡದ್ದಕ್ಕೆಲ್ಲ ದಾರಿ ಇರುತ್ತದೆ ಅಂತಲೂ ಇಲ್ಲ. 19ನೇ ಶತಮಾನದಲ್ಲಿ ರೈಲ್ವೆ ಕಂಪನಿಗಳಿಗೆ ಒಂದು ಚದರ ಮೈಲಿ ಬಿಟ್ಟು ಒಂದು ಚದರ ಮೈಲಿಯಂತೆ ನೆಲ ಕೊಟ್ಟರು. ಹಾಗಾಗಿ ವಯೋಮಿಂಗ್‌ನಂಥ ಕಡೆ ನಕ್ಷೆ ಇಂದಿಗೂ ಚದುರಂಗದ ಮಣೆಯ ಹಾಗಿದೆ: ಒಂದು ಮನೆ ಸರ್ಕಾರದ್ದು, ಪಕ್ಕದ್ದು ಖಾಸಗಿ. ಸರ್ಕಾರದ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಮೂಲೆಯಿಂದ ಮೂಲೆಗೇ ದಾಟಬೇಕು. ಹೀಗೆ ಮೂಲೆಯಲ್ಲಿ ಸಿಕ್ಕಿಕೊಂಡ ನೆಲವೇ 83 ಲಕ್ಷ ಎಕರೆ ಎಂದು ಬೇಟೆ ನಕ್ಷೆಯ ಆ್ಯಪ್ ಮಾಡುವ ಆನ್‌ಎಕ್ಸ್ ಕಂಪನಿ ಲೆಕ್ಕ ಹಾಕಿತ್ತು. ಮಿಸೌರಿಯ ನಾಲ್ವರು ಬೇಟೆಗಾರರು 2021ರಲ್ಲಿ ವಯೋಮಿಂಗ್‌ನ ಎಲ್ಕ್ ಮೌಂಟನ್ ಹತ್ತಿರ ಅಂಥ ಮೂಲೆಗೆ ಏಣಿ ಇಟ್ಟು, ಖಾಸಗಿ ಮಣ್ಣಿಗೆ ಕಾಲು ತಾಗಿಸದೆ ದಾಟಿದರು. ನೆಲದೊಡೆಯ ಕೋರ್ಟಿಗೆ ಹೋದ. ಕ್ರಿಮಿನಲ್ ಕೇಸಿನಲ್ಲಿ 2022ರಲ್ಲಿ ಜ್ಯೂರಿ ಅವರನ್ನು ಬಿಟ್ಟಿತು. ಸಿವಿಲ್ ಕೇಸಿನಲ್ಲಿ 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವೂ ಅವರ ಪರ ನಿಂತಿತು, ಅದೂ ಬೇಲಿ ಹಾಕಿ ಸರ್ಕಾರಿ ನೆಲ ನುಂಗುವುದನ್ನು ತಡೆಯಲು 1885ರಲ್ಲಿ ಬಂದಿದ್ದ ಹಳೆಯ ಕಾಯ್ದೆಯನ್ನು ಹಿಡಿದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲ. ತೀರ್ಪು ನಡೆಯುವುದು ವಯೋಮಿಂಗ್, ಕೊಲರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕ್ಯಾನ್ಸಸ್, ಒಕ್ಲಹೋಮಗಳಲ್ಲಿ. ಮೊಂಟಾನಾ ಆ ವ್ಯಾಪ್ತಿಗೆ ಬರುವುದಿಲ್ಲ. ವೀಸಾದಲ್ಲಿರುವವರು ಇಂಥ ಮೂಲೆಗಳ ಸುದ್ದಿಗೇ ಹೋಗಬೇಡಿ. ಇಲ್ಲಿಯವನಿಗೆ ಅತಿಕ್ರಮಣದ ಕೇಸು ದಂಡದಲ್ಲಿ ಮುಗಿದೀತು, ನಿಮಗೆ ಮುಂದಿನ ವೀಸಾ ಅರ್ಜಿಯಲ್ಲಿ ಎದುರು ಬಂದು ನಿಲ್ಲುತ್ತದೆ.

ಟೆಕ್ಸಸ್‌ನ 48 ಡಾಲರ್ ಪರ್ಮಿಟ್

ಟೆಕ್ಸಸ್‌ನ ನೆಲದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಖಾಸಗಿ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ನಮ್ಮವರು ಎಷ್ಟು ಜನ ಇದ್ದಾರೆಂದರೆ ಈ ಒಂದು ಸಂಗತಿ ಬಹಳ ಮಂದಿಯ ಆಸೆಯನ್ನು ಚಿವುಟಿ ಹಾಕಿದೆ. "ಲೀಸ್ ಇಲ್ಲದೆ ಇಲ್ಲಿ ಏನೂ ಆಗಲ್ಲ" ಅನ್ನುವ ಮಾತನ್ನು ಇಲ್ಲಿಯವರೇ ಹೇಳುತ್ತಾರೆ. (ಲೀಸ್ ಅಂದರೆ ಬೇಟೆಗೆಂದು ಖಾಸಗಿ ನೆಲವನ್ನು ವರ್ಷದ ಬಾಡಿಗೆಗೆ ಹಿಡಿಯುವುದು.) ಪೂರ್ತಿ ನಿಜ ಅಲ್ಲ.

ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆ ವರ್ಷಕ್ಕೆ 48 ಡಾಲರ್‌ಗೆ ಸಾರ್ವಜನಿಕ ಬೇಟೆಯ ಪರ್ಮಿಟ್ ಕೊಡುತ್ತದೆ. ಅದರಲ್ಲಿ ಸುಮಾರು ಹತ್ತು ಲಕ್ಷ ಎಕರೆ ತೆರೆದುಕೊಳ್ಳುತ್ತದೆ: ಹ್ಯೂಸ್ಟನ್ ಮೇಲ್ಗಡೆಯ ಸ್ಯಾಮ್ ಹ್ಯೂಸ್ಟನ್ ರಾಷ್ಟ್ರೀಯ ಅರಣ್ಯ, ಡಲ್ಲಾಸ್-ಫೋರ್ಟ್ ವರ್ತ್‌ನವರಿಗೆ ಕ್ಯಾಡೊ ಹುಲ್ಲುಗಾವಲು, ಅಲ್ಲದೆ ಇಲಾಖೆ ರೈತರಿಂದ ಬಾಡಿಗೆಗೆ ಹಿಡಿದ ಹೊಲಗಳು. ಈ ಹೊಲಗಳಲ್ಲಿ ಹೆಚ್ಚಿನ ಕಡೆ ಸೆಪ್ಟೆಂಬರ್ 1ರಿಂದ ಬೆಳವನ ಹಕ್ಕಿಯ ಬೇಟೆ. ಸ್ಥಳೀಯರ ಲೈಸೆನ್ಸ್ 25, ಪರ್ಮಿಟ್ 48, ಬೆಳವನಂಥ ವಲಸೆ ಹಕ್ಕಿಗೆ ಬೇಕಾದ ಮುದ್ರೆ (ಸ್ಟಾಂಪು) 7; ಒಟ್ಟು 80 ಡಾಲರ್. ಒಂದು ಸಂಸಾರ ಹೋಟೆಲಿನಲ್ಲಿ ಒಂದು ರಾತ್ರಿ ಉಂಡು ಏಳುವ ಬಿಲ್ಲು. ಮೊದಲ ವರ್ಷಕ್ಕೆ ನನ್ನ ಸಲಹೆ ಇದೇ, ಬೇರೆ ಮಾತಿಲ್ಲ.

ಕೊರತೆ ಏನೆಂದರೆ ಜನ. ನವೆಂಬರ್‌ನ ಮೊದಲ ಶನಿವಾರ ಜಿಂಕೆ ಹಂಗಾಮು ಶುರುವಾದಾಗ ಸ್ಯಾಮ್ ಹ್ಯೂಸ್ಟನ್ ಕಾಡಿನಲ್ಲಿ ಮರಕ್ಕೊಬ್ಬ ಕೂತಿರುತ್ತಾನೆ ಅನ್ನಿಸುತ್ತದೆ. ವಾರದ ನಡುವೆ ಹೋಗಿ, ರಸ್ತೆಯಿಂದ ಅರ್ಧ ಮೈಲಿ ಒಳಗೆ ನಡೆಯಿರಿ. ಮುಕ್ಕಾಲು ಪಾಲು ಜನ ನಡೆಯುವುದಿಲ್ಲ. ಜಿಂಕೆಯೇ ಬೇಕೆಂಬ ಹಟವಿಲ್ಲದಿದ್ದರೆ ಅಳಿಲು, ಮೊಲ, ಕಾಡುಹಂದಿ ಇವೆ.

ಇದೇ ಇಲಾಖೆಯ ಲಾಟರಿ ಬೇಟೆ ಇನ್ನೂ ಒಳ್ಳೆಯದು, ಗೊತ್ತಿರುವವರು ಕಡಿಮೆ. 3ರಿಂದ 10 ಡಾಲರ್ ಕೊಟ್ಟು ಅರ್ಜಿ ಹಾಕಬೇಕು. ಹೆಸರು ಬಂದರೆ 80 ಅಥವಾ 130 ಡಾಲರ್ ಕಟ್ಟಿ ಎರಡು ಮೂರು ದಿನ, ಎಣಿಸಿದಷ್ಟೇ ಜನರ ನಡುವೆ, ಒಳ್ಳೆಯ ಕಾಡಿನಲ್ಲಿ ಬೇಟೆ. ಸೋತ ವರ್ಷಗಳು ಅಂಕವಾಗಿ ಮುಂದಿನ ವರ್ಷಕ್ಕೆ ಸೇರಿಕೊಳ್ಳುತ್ತವೆ. ಮಕ್ಕಳಿಗೆಂದೇ ಬೇರೆ ಬೇಟೆಗಳಿವೆ.

ರೈತನ ಹೊಲ, ಸರ್ಕಾರದ ಬಾಡಿಗೆ

ಬಯಲುಸೀಮೆಯ ರಾಜ್ಯಗಳು ಹಿಡಿದ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ಕ್ಯಾನ್ಸಸ್ 1995ರಿಂದ ರೈತರಿಗೆ ಬಾಡಿಗೆ ಕೊಟ್ಟು ಅವರ ನೆಲವನ್ನು ನಡೆದು ಬರುವ ಬೇಟೆಗಾರರಿಗೆ ತೆರೆದಿದೆ. ಈಗ ಹತ್ತು ಲಕ್ಷ ಎಕರೆಗೂ ಹೆಚ್ಚು. ಮೊಂಟಾನಾದ ಬ್ಲಾಕ್ ಮ್ಯಾನೇಜ್‌ಮೆಂಟ್ ಎಂಬ ಇಂಥದೇ ಯೋಜನೆಯಲ್ಲಿ ಸುಮಾರು 70 ಲಕ್ಷ ಎಕರೆ. ದಕ್ಷಿಣ ಡಕೋಟ, ನೆಬ್ರಾಸ್ಕ, ಉತ್ತರ ಡಕೋಟಗಳಲ್ಲೂ ಇಂಥವಿವೆ. ಬೇಟೆಗಾರನಿಗೆ ಲೈಸೆನ್ಸ್ ಬಿಟ್ಟರೆ ಸಾಮಾನ್ಯವಾಗಿ ಬೇರೆ ಖರ್ಚಿಲ್ಲ. ಮಿನಿಯಾಪೊಲಿಸ್‌ನಿಂದಲೋ ಕ್ಯಾನ್ಸಸ್ ಸಿಟಿಯಿಂದಲೋ ಶನಿವಾರ ಮುಂಜಾನೆ ಹೊರಟು ಫೆಸೆಂಟ್ ಹಕ್ಕಿ ಹೊಡೆದು ರಾತ್ರಿ ಮನೆಗೆ ಬರುವವರಿಗೆ ಇದಕ್ಕೆ ಸಮ ಯಾವುದೂ ಇಲ್ಲ. ಗಡಿ ಎಲ್ಲಿ ಮುಗಿಯುತ್ತದೆ ನೋಡಿಕೊಳ್ಳಲು ಫೋನಿನಲ್ಲಿ ನೆಲದೊಡೆಯರ ಹೆಸರು ತೋರಿಸುವ ನಕ್ಷೆ ಆ್ಯಪ್ ಬೇಕೇ ಬೇಕು. ಅದಕ್ಕೆ ಕೊಡುವ ಹಣ ದಂಡವಲ್ಲ.

ಪೂರ್ವದವರಿಗೆ ಎರಡೇ ಮಾತು. ಪೆನ್ಸಿಲ್ವೇನಿಯದಲ್ಲಿ ಬೇಟೆಗಾರರ ದುಡ್ಡಿನಲ್ಲೇ ಬೆಳೆದ ಸ್ಟೇಟ್ ಗೇಮ್ ಲ್ಯಾಂಡ್ಸ್ ಎಂಬ ರಾಜ್ಯದ ಬೇಟೆ ನೆಲ 15 ಲಕ್ಷ ಎಕರೆ ಇದೆ, ಸ್ಥಳೀಯರ ಲೈಸೆನ್ಸ್ 21 ಡಾಲರ್ ಒಳಗೆ. ಮಿಷಿಗನ್‌ನಲ್ಲಿ ತೆರಿಗೆ ರಿಯಾಯಿತಿ ಪಡೆದ ಖಾಸಗಿ ಕಾಡುಗಳು ಕಾಲ್ನಡಿಗೆಯ ಬೇಟೆಗೆ ತೆರೆದಿವೆ. ವರ್ಮಾಂಟ್‌ನಲ್ಲಂತೂ ಬೇಲಿ ಹಾಕದ ನೆಲದಲ್ಲಿ ಬೇಟೆಯಾಡುವ ಹಕ್ಕು 1777ರ ಸಂವಿಧಾನದಲ್ಲೇ ಇದೆ. ಫಲಕ ಹಾಕದ ನೆಲಕ್ಕೆ ಹೋಗುವ ರೂಢಿ ಮೇನ್‌ನಲ್ಲೂ ಉಂಟು. ಪಶ್ಚಿಮ ಕರಾವಳಿಯವರು ಎರಡು ವಿಷಯ ತಿಳಿದಿರಲಿ: ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ನಿಷೇಧ, ಬದಲಿ ಗುಂಡು ದುಬಾರಿ, ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಕಾಲಕ್ಕೆ ಪುಕ್ಕಟೆ ಸುತ್ತುತ್ತಿದ್ದ ಮರದ ಕಂಪನಿಗಳ ಕಾಡಿಗೆ ಈಗ ಹಲವೆಡೆ ಪ್ರವೇಶ ಪರ್ಮಿಟ್ ಕೊಳ್ಳಬೇಕು.

ಬಾಗಿಲು ತಟ್ಟಿ ಕೇಳುವುದು

ನಮ್ಮ ಹಳ್ಳಿಯವರಿಗೆ ಸಹಜವಾಗಿ ಬರಬೇಕಾದ ದಾರಿ ಇದು, ಆದರೆ ಪರದೇಶದಲ್ಲಿ ನಾಲಿಗೆ ಏಳುವುದಿಲ್ಲ. ಗುರುತಿಲ್ಲದವರ ಮನೆ ಬಾಗಿಲಿಗೆ ಕೋವಿ ವಿಚಾರ ಹಿಡಿದು ಹೋಗುವಾಗ ನಮ್ಮ ಮೈಬಣ್ಣ, ನಮ್ಮ ಉಚ್ಚಾರ ಲೆಕ್ಕಕ್ಕೆ ಬರುವುದಿಲ್ಲ ಅಂತ ನಾನು ಹೇಳಲಾರೆ. ಹಾಗಾಗಿ ನೇರ ಹೋಗಬೇಡಿ. ಆಫೀಸಿನಲ್ಲಿ, ಮಕ್ಕಳ ಸ್ಕೂಲಿನಲ್ಲಿ, ಮೇಕೆ ಮಾಂಸ ಕೊಳ್ಳುವ ಫಾರ್ಮಿನಲ್ಲಿ ಪರಿಚಯ ಬೆಳೆಸಿ. ಈ ಕೊನೆಯದು ನಮ್ಮವರಿಗೆ ಒಳ್ಳೆಯ ದಾರಿ, ಮೇಕೆ ಸಾಕುವವರೆಲ್ಲ ನಮ್ಮನ್ನು ಬಲ್ಲರು. ಹಂಗಾಮು ಮುಗಿದ ಮೇಲೆ, ಫೆಬ್ರವರಿ-ಮಾರ್ಚ್‌ನಲ್ಲಿ ಕೇಳಿ. ಬೇಲಿ ಕೆಲಸಕ್ಕೆ ಒಂದು ದಿನ ಕೈ ಜೋಡಿಸಿ. ಸಿಕ್ಕಿದರೆ ಪಾಲು ಕೊಡಿ. ಊರಿನ ಪದ್ಧತಿ ಇಲ್ಲೂ ನಡೆಯುತ್ತದೆ. ಅನುಮತಿಯನ್ನು ಬರಹದಲ್ಲಿ ಇಟ್ಟುಕೊಳ್ಳಿ, ಒಂದು ಫೋನ್ ಸಂದೇಶವಾದರೂ ಇರಲಿ. ಟೆಕ್ಸಸ್‌ನಲ್ಲಿ ಮರಕ್ಕೋ ಬೇಲಿಗೂಟಕ್ಕೋ ನೇರಳೆ ಬಣ್ಣ ಬಳಿದಿದ್ದರೆ ಅದು "ಒಳಗೆ ಬರಬೇಡ" ಅನ್ನುವ ಫಲಕಕ್ಕೆ ಸಮ.

ಕಾಡುಹಂದಿ ಇದ್ದರಂತೂ ಕೇಳುವುದು ಸುಲಭ. ಬೆಳೆ ಹಾಳುಮಾಡುವ ಹಂದಿಯ ಮೇಲೆ ಇಲ್ಲಿನ ರೈತನ ಸಿಟ್ಟು ತೀರ್ಥಹಳ್ಳಿಯ ರೈತನದಕ್ಕಿಂತ ಕಡಿಮೆಯಲ್ಲ. 2019ರಿಂದ ಟೆಕ್ಸಸ್‌ನ ಖಾಸಗಿ ನೆಲದಲ್ಲಿ, ಒಡೆಯನ ಒಪ್ಪಿಗೆ ಇದ್ದರೆ, ಹಂದಿಗೆ ಬೇಟೆ ಲೈಸೆನ್ಸೂ ಬೇಡ. ಆದರೆ ಎಚ್-1ಬಿಯವರು ಮೇಲೆ ಹೇಳಿದ್ದನ್ನು ಇನ್ನೊಮ್ಮೆ ಓದಿ: ಹಂದಿಗೆ ಬೇಡವಾದ ಲೈಸೆನ್ಸ್ ನಿಮ್ಮ ಕೈಯ ಕೋವಿಗೆ ಬೇಕು.

ಲೀಸ್

ಐನೂರು ಎಕರೆ, ಎಕರೆಗೆ 15 ಡಾಲರ್ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 7,500. ಐದು ಜನ ಸೇರಿದರೆ ತಲೆಗೆ 1,500, ಅದರ ಮೇಲೆ ಜಿಂಕೆ ಸೆಳೆಯಲು ಮೆಕ್ಕೆಜೋಳ, ಅದನ್ನು ಚೆಲ್ಲುವ ಯಂತ್ರ, ಮರಸು ಕೂರಲು ಅಟ್ಟಣೆ, ವಿಮೆ. ಒಳ್ಳೆಯ ಜಾಗಕ್ಕೆ ದರ ಇನ್ನೂ ಏರುತ್ತದೆ. ವರ್ಷವಿಡೀ ಹೋಗಿಬರುವವರಿಗೆ, ಮಕ್ಕಳನ್ನು ಕರೆದೊಯ್ದು ಬೆಂಕಿ ಹಾಕಿ ಕೂರುವವರಿಗೆ ಇದು ತೋಟದ ಮನೆ ಇದ್ದ ಹಾಗೆಯೇ. ವರ್ಷಕ್ಕೆ ಎರಡು ವಾರಾಂತ್ಯ ಬಿಡುವಾಗುವ ಸಾಫ್ಟ್‌ವೇರ್‌ನವರಿಗೆ ದುಂದು. ಎರಡು ಹಂಗಾಮು ಸರ್ಕಾರಿ ನೆಲದಲ್ಲಿ ಕಳೆಯದವರು ಲೀಸಿಗೆ ಸಹಿ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಜೊತೆಗಾರರ ಗುಣ ನೋಡದೆಯಂತೂ ಬೇಡವೇ ಬೇಡ. ಲೀಸಿನ ಜಗಳಗಳು ಜಿಂಕೆಯಿಂದಲ್ಲ, ಗೇಟು ಹಾಕದೆ ಹೋದದ್ದು ಯಾರು ಅನ್ನುವುದರಿಂದ ಶುರುವಾಗುತ್ತವೆ.

ಕೃಷ್ಣಮೃಗದ ರ್ಯಾಂಚು

ನಮ್ಮ ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಕಟ್ಟಿ ಕಾಯುವ ಕೃಷ್ಣಮೃಗ, ನಾಗರಹೊಳೆಯ ರಸ್ತೆ ಬದಿಯ ಚುಕ್ಕೆ ಜಿಂಕೆ, ಉತ್ತರ ಭಾರತದ ನೀಲ್‌ಗಾಯ್, ಮೂರೂ ಟೆಕ್ಸಸ್‌ನಲ್ಲಿವೆ. 1930ರ ಆಸುಪಾಸಿನಲ್ಲಿ ತಂದು ಬಿಟ್ಟವು ಈಗ ಸಾವಿರಗಟ್ಟಲೆ ಆಗಿವೆ. ರಾಜ್ಯದ ಕಾನೂನಿಗೆ ಇವು ಪರದೇಶಿ ಪ್ರಾಣಿಗಳು: ಹಂಗಾಮಿನ ಮಿತಿಯಿಲ್ಲ, ಸಂಖ್ಯೆಯ ಮಿತಿಯೂ ಇಲ್ಲ, ಲೈಸೆನ್ಸ್ ಮತ್ತು ನೆಲದೊಡೆಯನ ಒಪ್ಪಿಗೆ ಸಾಕು. ಒಪ್ಪಿಗೆಗೆ ಬೆಲೆ ಇದೆ. ಕೊಂಬಿನ ಗಂಡಿಗೆ 2,000ದಿಂದ 3,000 ಡಾಲರ್ ಕೇಳುವುದು ಸಾಮಾನ್ಯ. ಹೆಣ್ಣು ಅದರ ಕಾಲು ಭಾಗಕ್ಕೂ ಸಿಗಬಹುದು, ಬಾಡಿನ ರುಚಿಯೂ ಅದರದ್ದೇ ಹೆಚ್ಚು. ಹೊರರಾಜ್ಯದಿಂದ ಬರುವವರು 315 ಡಾಲರ್‌ನ ಪೂರ್ಣ ಲೈಸೆನ್ಸ್ ತೆಗೆಯಬೇಕಿಲ್ಲ, ಇವುಗಳಿಗೆ ಐದು ದಿನದ 48 ಡಾಲರ್‌ನದು ನಡೆಯುತ್ತದೆ.

ಇದಕ್ಕೆ ನಾನು ಅಷ್ಟೇನೂ ಒಲಿದವನಲ್ಲ. ಎಂಟು ಅಡಿ ಬೇಲಿಯೊಳಗೆ, ರ್ಯಾಂಚಿನವನ ಜೀಪಿನಲ್ಲಿ ಕೂತು, ಬೆಲೆ ಕೇಳಿ ಹೊಡೆಯುವುದು ಶಿಕಾರಿಯೋ ಸಂತೆಯೋ ಅನ್ನಿಸುತ್ತದೆ. ಆದರೆ ಮೂರು ದಿನ ರಜೆ ಇರುವ, ಕೈಯಲ್ಲಿ ದುಡ್ಡಿರುವ, ವಯಸ್ಸಾದ ಅಪ್ಪನನ್ನು ಜೊತೆಗೆ ಕರೆದೊಯ್ಯಬೇಕಾದವನಿಗೆ ಬೇರೆ ದಾರಿ ಯಾವುದಿದೆ? ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಬೇಲಿ ಎತ್ತರದ್ದೋ ಸಾಧಾರಣದ್ದೋ, ಗಾಯವಾಗಿ ತಪ್ಪಿಸಿಕೊಂಡರೆ ಪೂರ್ತಿ ಹಣ ಕೊಡಬೇಕೋ, ಮಾಂಸ ಕೊಯ್ದು ಕೊಡುವ ಖರ್ಚು ಸೇರಿದೆಯೋ. ಕಡಿಮೆ ಖರ್ಚಿನಲ್ಲಿ ನೀಲ್‌ಗಾಯ್ ಬೇಕೆಂದರೆ ದಕ್ಷಿಣದ ತುದಿಯ ಲಗೂನಾ ಅಟಾಸ್ಕೋಸಾ ರಾಷ್ಟ್ರೀಯ ವನ್ಯಜೀವಿ ತಾಣದಲ್ಲಿ ಅರ್ಜಿ ಹಾಕಿ ಹೋಗುವ ಬೇಟೆ ಇದೆ. ದನಗಳಿಗೆ ಜ್ವರ ತರುವ ಉಣ್ಣೆಯನ್ನು ಹೊತ್ತು ತಿರುಗುವುದರಿಂದ ಅಲ್ಲಿ ಅದು ಬೇಡದ ಅತಿಥಿ. ಕೃಷ್ಣಮೃಗದ ಕೊಂಬನ್ನು ಊರಿಗೆ ಒಯ್ಯುವ ಯೋಚನೆ ಮಾತ್ರ ಕನಸಿನಲ್ಲೂ ಬೇಡ.

ಸಾಮಾನು ಮತ್ತು ತಿಂಗಳುಗಳು

ಕೋವಿಯ ಮಾತು ಕೊನೆಗೆ ಬಂತು, ಬರಬೇಕಾದದ್ದೂ ಕೊನೆಗೇ. 500 ಡಾಲರ್ ಆಸುಪಾಸಿನ ಸಾದಾ ಬೋಲ್ಟ್ ರೈಫಲ್, 200ರ ದುರ್ಬೀನು ಜಿಂಕೆ, ಹಂದಿ ಎರಡಕ್ಕೂ ಸಾಕು. ಹಕ್ಕಿ ಮತ್ತು ಅಳಿಲಿಗೆ ಸೆಕೆಂಡ್ ಹ್ಯಾಂಡ್ ಪಂಪ್ ಶಾಟ್‌ಗನ್ ಇನ್ನೂ ಅಗ್ಗ. ಒಂದೇ ಕೋವಿ ಕೊಳ್ಳುವುದಾದರೆ ನಾನು ಅದನ್ನೇ ಹೇಳುವುದು. ಬಟ್ಟೆಗೆ ದುಡ್ಡು ಸುರಿಯಬೇಡಿ, ಬೂಟಿಗೆ ಸುರಿಯಿರಿ. ಕಿತ್ತಳೆ ಬಣ್ಣದ ಜಾಕೆಟ್ಟು, ಟೋಪಿ ಮಾತ್ರ ಮರೆಯಬಾರದು. ಕೋವಿ-ಗುಂಡಿನ ಬೆಲೆಯಲ್ಲೇ 10-11 ಶೇಕಡ ಫೆಡರಲ್ ಸುಂಕ ಸೇರಿದೆ. 1937ರ ಕಾಯ್ದೆಯಂತೆ ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಒಂದು ಹೆಣ್ಣು ಜಿಂಕೆಯಿಂದ ಮೂಳೆ ತೆಗೆದು ಇಪ್ಪತ್ತು ಕೆ.ಜಿ. ಹತ್ತಿರ ಬಾಡು ಸಿಕ್ಕೀತು. ಕೊಯ್ದು ಕೊಡುವ ಅಂಗಡಿಗೆ ಕೊಟ್ಟರೆ ನೂರೈವತ್ತು ಡಾಲರಿನ ಸುತ್ತ ಖರ್ಚಾಗುತ್ತದೆ, ಮನೆಯಲ್ಲಿ ಕೊಯ್ಯಲು ಬರುವವರಿಗೆ ಅದೂ ಉಳಿಯಿತು.

ಇನ್ನು ತಾರೀಕು. ಪಶ್ಚಿಮದ ರಾಜ್ಯಗಳಲ್ಲಿ ಲಾಟರಿಯಲ್ಲಿ ಹಂಚುವ ಲೈಸೆನ್ಸಿಗೆ ವಸಂತದಲ್ಲೇ ಅರ್ಜಿ ಹೋಗಬೇಕು, ಕೊಲರಾಡೊಗೆ ಏಪ್ರಿಲ್ ಮೊದಲ ಮಂಗಳವಾರ ಕೊನೆ. ಟೆಕ್ಸಸ್‌ನ ಲಾಟರಿ ಅರ್ಜಿ ಜುಲೈನಲ್ಲಿ ತೆರೆಯುತ್ತದೆ, ಒಂದೊಂದು ಬೇಟೆಗೆ ಒಂದೊಂದು ಗಡುವು. ಹೊಸ ಲೈಸೆನ್ಸ್ ಆಗಸ್ಟ್ ನಡುವಿನಿಂದ ಸಿಗುತ್ತದೆ, 48ರ ಪರ್ಮಿಟ್ಟನ್ನೂ ಅದರ ಜೊತೆಗೇ ತೆಗೆದುಕೊಳ್ಳಿ. ಅಕ್ಟೋಬರ್ ಕೊನೆಗೆ ಅಂಗಡಿಗೆ ಹೋಗಿ ರೈಫಲ್ ಕೊಂಡು, ನವೆಂಬರ್ ಮೊದಲ ವಾರ ಎಲ್ಲಿಗೆ ಹೋಗಲಿ ಅಂತ ಕೇಳುವವರಿಗೆ ಆ ವರ್ಷ ಉಳಿಯುವುದು ರ್ಯಾಂಚಿನವನ ಫೋನ್ ನಂಬರು ಒಂದೇ.